ಪಾನಮತ್ತ ಚಾಲನೆ: ಸ್ತ್ರೀಪುರುಷ ಭೇದದ ಒಂದು ಸಮೀಕ್ಷೆ

2009ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಗಳ ಸಾರಿಗೆ ಸಚಿವರಾಗಿದ್ದ ರೇ ಲಾಹುಡ್ ಅವರು, ಕುಡಿದು ಮೋಟಾರು ನಡೆಸುವವರನ್ನು ಹಿಡಿಯುವ ಆ ವರ್ಷದ ಪೊಲೀಸ್ ಕಾರ್ಯಾಚರಣೆಯನ್ನು ಸಾರುತ್ತ, 1998ರಿಂದ 2007ರವರೆಗಿನ ಅವಧಿಯಲ್ಲಿ ಈ ಅಪರಾಧಕ್ಕಾಗಿ ಬಂಧನಕ್ಕೊಳಗಾದ ಸ್ತ್ರೀಯರ ಸಂಖ್ಯೆ ನೂರಕ್ಕೆ ಸುಮಾರು 29ರಷ್ಟು ಏರಿತೆಂದೂ, ಪುರುಷರ ಸಂಖ್ಯೆ ಅದೇ ಅವಧಿಯಲ್ಲಿ ನೂರಕ್ಕೆ ಏಳೆಂಟರಷ್ಟು ಇಳಿಯಿತೆಂದೂ ದೇಶಕ್ಕೆ ತಿಳಿಸಿದರು. ಅದಕ್ಕೆ ಕೆಲವೇ ವಾರಗಳ ಹಿಂದೆ, ಜುಲೈ 26ರಂದು, ನ್ಯೂಯಾರ್ಕ್ ನಗರದ ಉತ್ತರಕ್ಕಿರುವ ಟ್ಯಾಕೋನಿಕ್ ಹೆದ್ದಾರಿಯಲ್ಲಿ ಒಬ್ಬ ತಾಯಿ, ಮಕ್ಕಳನ್ನು ತುಂಬಿಕೊಂಡಿದ್ದ ವಾಹನವನ್ನು ಎದುರು ದಿಕ್ಕಿನ ಸಂಚಾರಕ್ಕೆ ನುಗ್ಗಿಸಿದುದರಿಂದ ಆಕೆಯೂ ಸೇರಿ ಎಂಟು ಜನರು ಪ್ರಾಣ ಕಳೆದುಕೊಂಡಿದ್ದರು. ಆಕೆಯ ರಕ್ತದಲ್ಲಿ ಮದ್ಯಸಾರವು ಕಾನೂನಿನ ಮಿತಿಯ ಎರಡು ಪಟ್ಟನ್ನೂ ಮೀರಿದ್ದಿತೆಂದು ವೈದ್ಯರು ವರದಿ ಮಾಡಿದ್ದರು. ಈ ದುರಂತವೂ ಆ ಅಂಕಿಯೂ ಒಂದರ ಬೆನ್ನಿಗೊಂದು ಬಂದುದರಿಂದ, ಹೆಣ್ಣು ಈ ವಿಷಯದಲ್ಲಿಯೂ ಗಂಡನ್ನು ಸರಿಗಟ್ಟಲು ಹೊರಟಿದ್ದಾಳೆಂಬ ತೀರ್ಮಾನಕ್ಕೆ ಪತ್ರಿಕೆಗಳು ತಡವಿಲ್ಲದೆ ಬಂದವು. ಆ ತೀರ್ಮಾನವು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದೆಂಬುದನ್ನು ನೋಡುವುದು ಈ ಲೇಖನದ ಉದ್ದೇಶ. ಅಮೆರಿಕವನ್ನೇ ಮುಖ್ಯವಾಗಿ ಎತ್ತಿಕೊಳ್ಳುವುದಕ್ಕೆ ಕಾರಣವೂ ಸರಳವಾದುದು: ಅಲ್ಲಿ ಹೆಂಗಸರು ಗಂಡಸರಷ್ಟೇ ಸಂಖ್ಯೆಯಲ್ಲಿ ವಾಹನ ನಡೆಸುತ್ತಾರೆ, ಮತ್ತು ಈ ಪಾಪದ ಲೆಕ್ಕವನ್ನು ಅಲ್ಲಿ ಇಟ್ಟಷ್ಟು ಶ್ರದ್ಧೆಯಿಂದ ಬೇರೆ ಕಡೆಗಳಲ್ಲಿ ಇಟ್ಟವರು ವಿರಳ.

ಮೊದಲು ನಿರ್ವಿವಾದವಾದುದನ್ನು ಹೇಳಿಬಿಡಬಹುದು. 2010ರಲ್ಲಿ ಅಮೆರಿಕದ ರೋಗನಿಯಂತ್ರಣ ಕೇಂದ್ರದವರು ವಯಸ್ಕರನ್ನು ದೂರವಾಣಿಯ ಮೂಲಕ ಪ್ರಶ್ನಿಸಿ ಪಡೆದ ಉತ್ತರಗಳಿಂದ ಅಂದಾಜು ಮಾಡಿದಂತೆ, ಆ ವರ್ಷ ಸುಮಾರು 40 ಲಕ್ಷ ಜನರು ಒಟ್ಟು 11 ಕೋಟಿ 20 ಲಕ್ಷ ಸಲ, ತಮಗೇ ಹೆಚ್ಚೆಂದು ತೋರುವಷ್ಟು ಕುಡಿದ ಮೇಲೆ ವಾಹನ ನಡೆಸಿದ್ದರು. ಈ ಪ್ರಸಂಗಗಳಲ್ಲಿ ನೂರಕ್ಕೆ 81 ಪುರುಷರವು. ಅವರಲ್ಲಿಯೂ 21ರಿಂದ 34 ವರ್ಷದೊಳಗಿನ ಯುವಕರು ವಯಸ್ಕ ಜನಸಂಖ್ಯೆಯಲ್ಲಿ ನೂರಕ್ಕೆ 11 ಪಾಲಿದ್ದರೂ ಇಂತಹ ಪ್ರಸಂಗಗಳಲ್ಲಿ ಅವರ ಪಾಲು 32 ಆಗಿದ್ದಿತು. 2007ರಲ್ಲಿ ವಾರಾಂತ್ಯದ ರಾತ್ರಿಗಳಲ್ಲಿ ರಸ್ತೆಯ ಬದಿಯಲ್ಲಿ ವಾಹನಗಳನ್ನು ನಿಲ್ಲಿಸಿ, ಚಾಲಕರ ಒಪ್ಪಿಗೆಯಿಂದ ಉಸಿರನ್ನು ಅಳೆದು ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಕಾನೂನಿನ ಮಿತಿಯನ್ನು ಮುಟ್ಟಿದ ಅಥವಾ ಮೀರಿದ ಗಂಡಸರು ನೂರಕ್ಕೆ 2.6, ಹೆಂಗಸರು 1.5. ಇನ್ನು ಸಾವಿನ ಲೆಕ್ಕಕ್ಕೆ ಬಂದರೆ, ಮಾರಕ ಅಪಘಾತಗಳಲ್ಲಿ ಸಿಕ್ಕಿಕೊಂಡ ಚಾಲಕರ ಪೈಕಿ ಪಾನಮತ್ತರಾಗಿದ್ದವರು ಗಂಡಸರಲ್ಲಿ ಐವರಿಗೊಬ್ಬ, ಹೆಂಗಸರಲ್ಲಿ ಆರೇಳು ಮಂದಿಗೊಬ್ಬಳು ಎಂಬ ಪ್ರಮಾಣವು ಈಚಿನ ವರ್ಷಗಳಲ್ಲಿ ಹೆಚ್ಚುಕಡಮೆ ಸ್ಥಿರವಾಗಿದೆ. ಇಲ್ಲಿ ಓದುಗರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಐವರಿಗೊಬ್ಬನಿಗೂ ಆರೇಳು ಮಂದಿಗೊಬ್ಬಳಿಗೂ ಇರುವ ಅಂತರವು ಅಷ್ಟೇನೂ ದೊಡ್ಡದಲ್ಲ. ಆದರೆ ಮಾರಕ ಅಪಘಾತಕ್ಕೀಡಾಗುವ ಚಾಲಕರಲ್ಲಿ ಗಂಡಸರೇ ಬಹುಸಂಖ್ಯಾತರಾದುದರಿಂದ, ತಲೆಗಳನ್ನು ಎಣಿಸಿದಾಗ ಒಬ್ಬ ಪಾನಮತ್ತ ಹೆಂಗಸಿಗೆ ಸುಮಾರು ನಾಲ್ವರು ಪಾನಮತ್ತ ಗಂಡಸರು ದೊರೆಯುತ್ತಾರೆ. ಪ್ರಮಾಣವನ್ನು ನೋಡುವವನಿಗೂ ಸಂಖ್ಯೆಯನ್ನು ನೋಡುವವನಿಗೂ ಎರಡು ಬೇರೆ ಚಿತ್ರಗಳು ಕಾಣುತ್ತವೆ, ಮತ್ತು ಈ ವಿಷಯದ ಜಗಳಗಳಲ್ಲಿ ಅರ್ಧಭಾಗವು ಹುಟ್ಟುವುದು ಈ ಎರಡನ್ನು ಬೆರೆಸುವುದರಿಂದ.

ಗಂಡುಹೆಣ್ಣುಗಳ ನಡತೆಯಲ್ಲಿ ಭೇದ ಕಂಡಾಗ ಅದರ ಮೂಲವನ್ನು ಶರೀರದಲ್ಲಿ ಹುಡುಕುವುದು ಬಹು ಹಳೆಯ ಅಭ್ಯಾಸ. ಪ್ರಸ್ತುತ ವಿಷಯದಲ್ಲಿ ಶರೀರಶಾಸ್ತ್ರವು ಹೇಳುವುದಾದರೋ ನಿರೀಕ್ಷೆಗೆ ತೀರ ವಿರುದ್ಧವಾಗಿದೆ. ಸ್ವೀಡನ್ನಿನ ಎರಿಕ್ ವಿಡ್‌ಮಾರ್ಕ್ ಎಂಬ ವಿಜ್ಞಾನಿಯು, ಕುಡಿದ ಮದ್ಯಸಾರವು ದೇಹದಲ್ಲಿ ಹೇಗೆ ಹರಡಿಕೊಳ್ಳುವುದೆಂಬುದನ್ನು ಅಳೆದು 1932ರಲ್ಲಿ ಪ್ರಕಟಿಸಿದ ಗ್ರಂಥವು ಇಂದಿಗೂ ನ್ಯಾಯಾಲಯಗಳ ಲೆಕ್ಕಾಚಾರಕ್ಕೆ ತಳಹದಿಯಾಗಿದೆ. ಮದ್ಯಸಾರವು ನೀರಿನಲ್ಲಿ ಬೆರೆಯುವುದೇ ಹೊರತು ಕೊಬ್ಬಿನಲ್ಲಿ ಅಲ್ಲ. ಸ್ತ್ರೀಯ ದೇಹದಲ್ಲಿ ನೀರಿನ ಅಂಶ ಪುರುಷನ ದೇಹದಲ್ಲಿರುವುದಕ್ಕಿಂತ ಕಡಮೆ. ಆದುದರಿಂದ ವಿಡ್‌ಮಾರ್ಕನ ಸೂತ್ರದಲ್ಲಿ ಪುರುಷನ ಗುಣಾಂಕ 0.68 ಆದರೆ ಸ್ತ್ರೀಯದು 0.55. ಈ ಸೂತ್ರದಂತೆ 70 ಕಿಲೋ ತೂಕದ ಗಂಡಸೂ 55 ಕಿಲೋ ತೂಕದ ಹೆಂಗಸೂ ಒಂದೇ ಮೇಜಿನಲ್ಲಿ ಕುಳಿತು ತಲಾ 30 ಗ್ರಾಂ ಮದ್ಯಸಾರವನ್ನು ಸೇವಿಸಿದರೆಂದುಕೊಂಡು, ದೇಹವು ಕರಗಿಸಿಬಿಡುವ ಅಂಶವನ್ನು ಬದಿಗಿಟ್ಟು ಲೆಕ್ಕಹಾಕಿದಲ್ಲಿ, ಅವನ ರಕ್ತದ 100 ಮಿಲಿಲೀಟರಿನಲ್ಲಿ ಸುಮಾರು 65 ಮಿಲಿಗ್ರಾಂ, ಅವಳ ರಕ್ತದಲ್ಲಿ ಸುಮಾರು 100 ಮಿಲಿಗ್ರಾಂ ಮದ್ಯಸಾರ ಇರುವುದು. ಅಮೆರಿಕದ ಬಹುತೇಕ ಸಂಸ್ಥಾನಗಳ 80 ಮಿಲಿಗ್ರಾಮಿನ ಮಿತಿಯಲ್ಲಿ ಅವನು ನಿರಪರಾಧಿ, ಅವಳು ಅಪರಾಧಿ. ಇಬ್ಬರೂ ಬರಿದು ಮಾಡಿದ ಲೋಟಗಳ ಸಂಖ್ಯೆ ಮಾತ್ರ ಒಂದೇ. 1990ರಲ್ಲಿ ಇಟಲಿಯ ಫ್ರೆಝಾ, ಅಮೆರಿಕದ ಚಾರ್ಲ್ಸ್ ಲೀಬರ್ ಮತ್ತು ಅವರ ಸಹೋದ್ಯೋಗಿಗಳು ಇದಕ್ಕೆ ಇನ್ನೊಂದು ಕಾರಣವನ್ನು ಕೂಡಿಸಿ, ಮದ್ಯಸಾರವನ್ನು ಜಠರದಲ್ಲಿಯೇ ಒಡೆಯುವ ಕಿಣ್ವವು ಸ್ತ್ರೀಯರಲ್ಲಿ ಮಂದವಾಗಿದೆಯೆಂದು ವಾದಿಸಿದರು. ಜಠರದ ಪಾತ್ರವು ಅಷ್ಟು ದೊಡ್ಡದೇ ಎಂಬ ವಿಷಯದಲ್ಲಿ ಆಮೇಲೆ ತಕರಾರು ಹುಟ್ಟಿತು, ನೀರಿನ ವಿಷಯದಲ್ಲಿ ಮಾತ್ರ ಯಾರೂ ತಕರಾರೆತ್ತಿಲ್ಲ.

ರಕ್ತದಲ್ಲಿನ ಪ್ರಮಾಣವು ಸಮವಾಗಿರುವಾಗ ಕೈಕಣ್ಣುಗಳ ಚಳಕ ಯಾರಲ್ಲಿ ಹೆಚ್ಚು ಕೆಡುವುದೆಂಬುದು ಬೇರೆಯ ಪ್ರಶ್ನೆ. ಅಮೆರಿಕದ ಹೆದ್ದಾರಿ ಸುರಕ್ಷಾ ಇಲಾಖೆಗಾಗಿ ಮಾಸ್ಕೊವಿಟ್ಸ್ ಮತ್ತು ಸಂಗಡಿಗರು 168 ಜನರನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ 2000ದಲ್ಲಿ ಕೊಟ್ಟ ವರದಿಯಲ್ಲಿ, 20 ಮಿಲಿಗ್ರಾಮಿನಷ್ಟು ಅಲ್ಪ ಪ್ರಮಾಣದಿಂದಲೇ ಕೌಶಲವು ಕುಂದತೊಡಗುವುದೆಂದೂ, ಈ ಕುಂದುವಿಕೆಯಲ್ಲಿ ಲಿಂಗಭೇದವು ಹೇಳಿಕೊಳ್ಳುವಷ್ಟು ಇಲ್ಲವೆಂದೂ ಕಂಡುಬಂದಿತು. ಕೃತಕ ಚಾಲನಾಯಂತ್ರದ ಮೇಲೆ ಆಮೇಲೆ ನಡೆದ ಕೆಲವು ಪ್ರಯೋಗಗಳಲ್ಲಿ ಸ್ತ್ರೀಯರೇ ಹೆಚ್ಚು ತಪ್ಪಿದುದೂ ಉಂಟು. ಹೀಗಾಗಿ ಶರೀರವನ್ನೇ ಸಾಕ್ಷಿಯಾಗಿ ಕರೆದರೆ ಅದು ಕೊಡುವ ಹೇಳಿಕೆ ಒಂದೇ: ಸಮನಾಗಿ ಕುಡಿದರೆ ಹೆಂಗಸಿಗೇ ಅಪಾಯ ಹೆಚ್ಚು. ಆದರೂ ರಸ್ತೆಯಲ್ಲಿ ಅಪಾಯವನ್ನು ತರುವವನು ಗಂಡಸು. ಭೇದದ ಮೂಲ ದೇಹದಲ್ಲಿಲ್ಲವೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಪ್ರಮಾಣ ಬೇಕಾಗಿಲ್ಲ.

ಅಪಘಾತದ ಸಂಭವವನ್ನು ರಕ್ತದಲ್ಲಿನ ಮದ್ಯಸಾರದೊಡನೆ ಮೊದಲಬಾರಿಗೆ ವಿಸ್ತಾರವಾಗಿ ಹೊಂದಿಸಿ ನೋಡಿದವರು, ಶ್ವಾಸಪರೀಕ್ಷೆಯ ಬ್ರೆತಲೈಸರ್ ಯಂತ್ರವನ್ನು 1954ರಲ್ಲಿ ನಿರ್ಮಿಸಿದ ರಾಬರ್ಟ್ ಬೋರ್ಕೆನ್‌ಸ್ಟೈನ್ ಅವರು. ಮಿಷಿಗನ್ ಸಂಸ್ಥಾನದ ಗ್ರಾಂಡ್ ರ್‍ಯಾಪಿಡ್ಸ್ ಪಟ್ಟಣದಲ್ಲಿ 1962–63ರಲ್ಲಿ ಅವರು ಅಪಘಾತಕ್ಕೀಡಾದ ಸುಮಾರು ಆರು ಸಾವಿರ ಚಾಲಕರನ್ನೂ, ಅಪಘಾತವಿಲ್ಲದೆ ಅದೇ ಬೀದಿಗಳಲ್ಲಿ ಹಾದುಹೋಗುತ್ತಿದ್ದ ಏಳೂವರೆ ಸಾವಿರ ಚಾಲಕರನ್ನೂ ಹೋಲಿಸಿದರು. ಜಗತ್ತಿನ ಹಲವು ದೇಶಗಳ ಕಾನೂನುಗಳು ಈ ಅಧ್ಯಯನದ ಫಲಿತಾಂಶದ ಮೇಲೆ ನಿಂತಿವೆ. ಆಮೇಲಿನ ಸಂಶೋಧಕರು ಇದೇ ವಿಧಾನವನ್ನು ವಯಸ್ಸು ಮತ್ತು ಲಿಂಗಗಳಿಗೆ ಬೇರೆಬೇರೆಯಾಗಿ ಅನ್ವಯಿಸಿದರು. ಝೇಡರ್, ಕ್ರಾಚಕ್ ಮತ್ತು ವೋಸ್ ಎಂಬ ಮೂವರು 2000ದಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಇಪ್ಪತ್ತೊಂದು ತುಂಬದ ಹುಡುಗರ ಅಪಾಯವು ಅದೇ ಪ್ರಮಾಣದಲ್ಲಿ ಕುಡಿದ ಹುಡುಗಿಯರ ಅಪಾಯಕ್ಕಿಂತ ಮೇಲಿತ್ತು. ವೋಸ್ ಮತ್ತು ಸಂಗಡಿಗರು 2007ರ ಅಂಕಿಗಳಿಂದ ಅದನ್ನು ಮತ್ತೆ ಲೆಕ್ಕಹಾಕಿ 2012ರಲ್ಲಿ ಪ್ರಕಟಿಸಿದಾಗ, ಹುಡುಗಿಯರಿಗಿದ್ದ ಆ ಸ್ವಲ್ಪ ರಕ್ಷಣೆಯೂ ಅಳಿಸಿಹೋಗಿತ್ತು. ಹುಡುಗಿಯರ ನರಗಳೂ ಸ್ನಾಯುಗಳೂ ಹತ್ತುಹನ್ನೊಂದು ವರ್ಷಗಳಲ್ಲಿ ಮಾರ್ಪಡಲಾರವು. ಮಾರ್ಪಟ್ಟಿದ್ದರೆ ಅವರು ಹೊರಡುವ ಹೊತ್ತು, ಓಡಿಸುವ ವೇಗ, ಜೊತೆಗಿರುವ ಗುಂಪು ಇಂತಹವು ಮಾರ್ಪಟ್ಟಿರಬೇಕು.

ಸಮಾಜಶಾಸ್ತ್ರಜ್ಞರು ಪ್ರವೇಶಿಸುವುದು ಇಲ್ಲಿ. ಅವರಲ್ಲಿ ನನಗೆ ಅತ್ಯಂತ ಚುರುಕಾಗಿ ತೋರುವವರು ಜೋಸೆಫ್ ಗಸ್‌ಫೀಲ್ಡ್. 1981ರ ತಮ್ಮ ಗ್ರಂಥದಲ್ಲಿ ಅವರು, ರಸ್ತೆಯ ಮರಣಗಳಿಗೆ ಮೋಟಾರಿನ ರಚನೆ, ರಸ್ತೆಯ ತಿರುವು, ರಾತ್ರಿ ಬಸ್ಸಿಲ್ಲದ ಊರು, ಪಾನಗೃಹಕ್ಕೆ ಕಾರಿನಲ್ಲಿಯೇ ಹೋಗಬೇಕಾದ ನಗರಯೋಜನೆ ಮೊದಲಾದ ಎಷ್ಟೋ ಕಾರಣಗಳಿದ್ದರೂ, ಅಮೆರಿಕದ ಸಮಾಜವು ಅವೆಲ್ಲವನ್ನೂ ಬಿಟ್ಟು ಒಬ್ಬ ದುಷ್ಟ ಕುಡುಕನನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸಿಕೊಂಡಿತೆಂದು ತೋರಿಸಿದರು. ಪಾನಗೃಹಗಳ ಲೋಕವನ್ನು ಹತ್ತಿರದಿಂದ ನೋಡಿ, ಕುಡಿದೂ ಕಾರನ್ನು ಸರಿಯಾಗಿ ಮನೆ ಮುಟ್ಟಿಸುವುದು ಅಲ್ಲಿ ಗಂಡಸುತನದ ಯೋಗ್ಯತಾಪತ್ರವಾಗಿದೆಯೆಂದೂ ಅವರು ಗುರುತಿಸಿದ್ದಾರೆ. ಕೀಲಿಕೈಯನ್ನು ಇನ್ನೊಬ್ಬನ ಕೈಗೆ ಕೊಡುವುದೆಂದರೆ ತನಗೆ ಕುಡಿಯಲು ಬಾರದೆಂದು ಒಪ್ಪಿಕೊಂಡಂತೆ. ಆ ಸೋಲನ್ನು ಒಪ್ಪಿಕೊಳ್ಳುವುದಕ್ಕಿಂತ ಅಪಘಾತದ ಸಾಧ್ಯತೆಯನ್ನು ಒಪ್ಪಿಕೊಳ್ಳುವುದು ಅವನಿಗೆ ಸುಲಭ. ಹೆಂಗಸಿಗೆ ಇಂತಹ ಪರೀಕ್ಷೆಯನ್ನು ಯಾರೂ ಒಡ್ಡಿಲ್ಲ. ಅವಳು ಕುಡಿಯದಿದ್ದರೂ ಅವಳ ಹೆಣ್ತನಕ್ಕೆ ಕುಂದಿಲ್ಲ, ಕುಡಿದ ಮೇಲೆ ತಾನು ಓಡಿಸಲಾರೆನೆಂದರೂ ಕುಂದಿಲ್ಲ. ನಿಜ ಹೇಳಬೇಕೆಂದರೆ, ಅವಳು ಕುಡಿದಳೆಂಬುದೇ ಬಹುಕಾಲ ಅವಳಿಗೆ ಕುಂದಾಗಿದ್ದಿತು.

ಆ ಕಾಲ ಕಳೆದುಹೋದ ಕಥೆ ಸ್ವಾರಸ್ಯವಾದುದು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಪಾನಗೃಹವು ಗಂಡಸರ ಕೋಟೆ, ಪಾನನಿರೋಧವು ಹೆಂಗಸರ ಪಡೆ. 1874ರಲ್ಲಿ ಸ್ಥಾಪನೆಯಾಗಿ ಫ್ರಾನ್ಸಿಸ್ ವಿಲ್ಲರ್ಡ್ ಅವರ ನಾಯಕತ್ವದಲ್ಲಿ ಬೆಳೆದ ಮಹಿಳಾ ಕ್ರೈಸ್ತ ಪಾನನಿರೋಧ ಸಂಘವು, ಸಂಬಳವನ್ನೆಲ್ಲ ಪಾನಗೃಹದಲ್ಲಿ ಸುರಿದು ಬರಿಗೈಯಲ್ಲಿ ಮನೆಗೆ ಬರುವ ಗಂಡನ ಹೆಂಡಿರ ದನಿಯಾಗಿದ್ದಿತು. 1920ರ ಪಾನನಿಷೇಧಕ್ಕೆ ನೆಲವನ್ನು ಹದಮಾಡಿದವರಲ್ಲಿ ಆ ಸಂಘವೂ ಮುಖ್ಯವಾದುದು. ನಿಷೇಧದ ವರ್ಷಗಳಲ್ಲಿ ತಲೆಯೆತ್ತಿದ ಕಳ್ಳ ಪಾನಗೃಹಗಳು ಹಿಂದಿನ ಕಟ್ಟಳೆಗಳನ್ನು ಕೇಳುವವಲ್ಲವಾದುದರಿಂದ ಹೆಂಗಸರೂ ಅಲ್ಲಿ ಗಂಡಸರ ಜೊತೆಗೆ ಕುಳಿತು ಕುಡಿದರು. 1929ರಲ್ಲಿ ಪಾಲಿನ್ ಸೇಬಿನ್ ಎಂಬ ಶ್ರೀಮಂತ ಮಹಿಳೆಯು ನಿಷೇಧವನ್ನು ರದ್ದುಮಾಡಿಸುವುದಕ್ಕಾಗಿ ಸ್ತ್ರೀಯರದೇ ಒಂದು ಸಂಘಟನೆಯನ್ನು ಕಟ್ಟಿದರು. ಕಟ್ಟಿದವರೂ ಕೆಡವಿದವರೂ ಹೆಂಗಸರೇ ಎಂಬಂತಾಗಿ, 1933ರಲ್ಲಿ ನಿಷೇಧ ಹೋಯಿತು. ಅಲ್ಲಿಂದೀಚೆಗೆ ಕುಡಿತದಲ್ಲಿ ಗಂಡುಹೆಣ್ಣುಗಳ ನಡುವಿನ ದೂರ ಕಿರಿದಾಗುತ್ತ ಬಂದಿದೆ. ಆಸ್ಟ್ರೇಲಿಯದ ಟಿಮ್ ಸ್ಲೇಡ್ ಮತ್ತು ಸಂಗಡಿಗರು ಹಲವು ದೇಶಗಳ 68 ಅಧ್ಯಯನಗಳನ್ನು ಒಂದುಗೂಡಿಸಿ 2016ರಲ್ಲಿ ತೋರಿಸಿದಂತೆ, ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹುಟ್ಟಿದವರಲ್ಲಿ ಮದ್ಯವನ್ನು ಮುಟ್ಟುವ ಸಂಭವ ಗಂಡಸಿಗೆ ಹೆಂಗಸಿನ 2.2 ಪಟ್ಟು ಇದ್ದುದು, ಶತಮಾನದ ಕೊನೆಯಲ್ಲಿ ಹುಟ್ಟಿದವರಲ್ಲಿ 1.1 ಪಟ್ಟಿಗೆ ಇಳಿದಿದೆ. ಹಾಗೆಂದು ಭೇದ ಮಾಯವಾಗಿಲ್ಲ. ಉತ್ತರ ಡಕೋಟದ ಶ್ಯಾರನ್ ವಿಲ್ಸ್‌ನ್ಯಾಕ್ ಮತ್ತು ರಿಚರ್ಡ್ ವಿಲ್ಸ್‌ನ್ಯಾಕ್ ದಂಪತಿಗಳು ಕೈಗೊಂಡ 35 ದೇಶಗಳ ಹೋಲಿಕೆಯಲ್ಲಿ, ಹೆಚ್ಚು ಕುಡಿಯುವವರು ಗಂಡಸರೇ ಎಂಬುದು ಸಾರ್ವತ್ರಿಕವಾಗಿ ಕಂಡಿತು. ದೇಶದಿಂದ ದೇಶಕ್ಕೆ ಬದಲಾದುದು ಆ ಅಂತರದ ಅಗಲ.

ಕುಡಿತದ ಅಂತರ ಕಿರಿದಾದ ಮೇಲೆ ಕುಡಿದು ಓಡಿಸುವುದರ ಅಂತರವೂ ಕಿರಿದಾಗಿರಲೇಬೇಕಲ್ಲವೆ? ಲಾಹುಡ್ ಅವರ ಅಂಕಿಗೆ ಎಲ್ಲರೂ ಇದೇ ಅರ್ಥವನ್ನು ಹಚ್ಚಿದರು. 1980ರಲ್ಲಿ ಅಮೆರಿಕದಲ್ಲಿ ಈ ಅಪರಾಧಕ್ಕಾಗಿ ಬಂಧಿತರಾದ ನೂರು ಜನರಲ್ಲಿ ಹೆಂಗಸರು ಒಂಬತ್ತರ ಆಸುಪಾಸಿನಲ್ಲಿದ್ದರು. ಮೂವತ್ತು ವರ್ಷಗಳ ಮೇಲೆ ನಾಲ್ವರಲ್ಲಿ ಒಬ್ಬಳು ಹೆಂಗಸು ಎಂಬಲ್ಲಿಗೆ ಅದು ಬಂದಿತು. ಆದರೆ ಆ ಘೋಷಣೆಗೆ ಒಂದು ವರ್ಷ ಮೊದಲೇ, 2008ರಲ್ಲಿ, ಜೆನಿಫರ್ ಶ್ವಾರ್ಟ್ಸ್ ಮತ್ತು ಬ್ರಯನ್ ರೂಕಿ ಎಂಬ ಇಬ್ಬರು ಅಪರಾಧಶಾಸ್ತ್ರಜ್ಞರು ಈ ಏರಿಕೆಯನ್ನು ಕೂಲಂಕಷವಾಗಿ ಶೋಧಿಸಿದ್ದರು. ಪೊಲೀಸರ ಬಂಧನಪುಸ್ತಕ, ಜನರು ತಾವೇ ಒಪ್ಪಿಕೊಂಡ ಉತ್ತರಗಳು, ಮಾರಕ ಅಪಘಾತಗಳ ದಾಖಲೆ, ಈ ಮೂರನ್ನು ಅವರು 1980ರಿಂದ 2004ರವರೆಗೆ ಅಕ್ಕಪಕ್ಕದಲ್ಲಿಟ್ಟು ನೋಡಿದರು. ಮೊದಲನೆಯದರಲ್ಲಿ ಸ್ತ್ರೀಪುರುಷರ ನಡುವಿನ ಅಂತರ ಸ್ಪಷ್ಟವಾಗಿ ಕುಗ್ಗಿದ್ದಿತು. ಉಳಿದೆರಡರಲ್ಲಿ ಅದು ಹೆಚ್ಚುಕಡಮೆ ಇದ್ದ ಹಾಗೆಯೇ ಇದ್ದಿತು. ಹೆಂಗಸರ ನಡತೆ ಬದಲಾಗದೆ ಹೆಂಗಸರ ಬಂಧನ ಮಾತ್ರ ಏರಿತೆಂದರೆ, ಬದಲಾದವರು ಬಂಧಿಸುವವರು ಎಂದಾಯಿತು.

ಇದು ಹೇಗೆ ನಡೆಯಿತೆಂಬುದನ್ನು ತುಸು ವಿಸ್ತರಿಸುವುದು ಯುಕ್ತ, ಏಕೆಂದರೆ ಪ್ರಶ್ನೆಯ ತಿರುಳಿರುವುದು ಇಲ್ಲಿಯೇ. ಇಂಡಿಯಾನ ಸಂಸ್ಥಾನವು 1939ರಲ್ಲಿ ಅಮೆರಿಕದಲ್ಲಿ ಮೊತ್ತಮೊದಲು ಅಂಕಿಯ ಮೂಲಕ ಮಿತಿಯನ್ನು ಗೊತ್ತುಮಾಡಿದಾಗ ಅದು 150 ಮಿಲಿಗ್ರಾಮಿನಷ್ಟು ಉದಾರವಾಗಿದ್ದಿತು; ತೂರಾಡದೆ ಆ ಮಿತಿಯನ್ನು ಮುಟ್ಟುವವರು ವಿರಳ. ಮುಂದೆ ಅದು 100ಕ್ಕೆ ಇಳಿಯಿತು. 2000ದಲ್ಲಿ ಕೇಂದ್ರ ಸರ್ಕಾರವು, 80ಕ್ಕೆ ಇಳಿಸದ ಸಂಸ್ಥಾನಗಳ ಹೆದ್ದಾರಿ ಅನುದಾನವನ್ನು ಕಡಿಯುವುದಾಗಿ ಶಾಸನಮಾಡಿದ ಮೇಲೆ, 2004ರ ಹೊತ್ತಿಗೆ ಎಲ್ಲ ಸಂಸ್ಥಾನಗಳೂ ಒಪ್ಪಿಕೊಂಡವು. ಯೂಟಾ ಸಂಸ್ಥಾನವು 2018ರ ಕೊನೆಯಲ್ಲಿ 50ಕ್ಕೇ ಇಳಿಸಿತು. ಹಳೆಯ ಮಿತಿಯಲ್ಲಿ ಸಿಕ್ಕಿಬೀಳುತ್ತಿದ್ದವನು ಮಹಾಕುಡುಕ, ಎಂದರೆ ಬಹುಮಟ್ಟಿಗೆ ಗಂಡಸು. ಬಲೆಯ ಕಣ್ಣನ್ನು ಕಿರಿದುಮಾಡುತ್ತ ಹೋದಂತೆ ಚಿಕ್ಕ ಮೀನುಗಳೂ ಸಿಕ್ಕತೊಡಗಿದವು, ಮತ್ತು ಚಿಕ್ಕ ಮೀನುಗಳಲ್ಲಿ ಹೆಂಗಸರ ಪಾಲು ದೊಡ್ಡದು. ಇದರ ಜೊತೆಗೆ ಪೊಲೀಸರ ಹಳೆಯ ದಾಕ್ಷಿಣ್ಯವೂ ಕರಗಿತು. ಹಿಂದೆ ಕುಡಿದ ಹೆಂಗಸನ್ನು ಗದರಿಸಿ, ಗಂಡನನ್ನೋ ಅಣ್ಣನನ್ನೋ ಕರೆಸಿ ಮನೆಗೆ ಕಳುಹಿಸುತ್ತಿದ್ದ ಅಧಿಕಾರಿಗೆ, ಯಂತ್ರವು ಅಂಕಿಯನ್ನು ತೋರಿಸಿ ಅದು ಕಾಗದದ ಮೇಲೆ ಮುದ್ರಿತವಾದ ಮೇಲೆ ದಾಕ್ಷಿಣ್ಯಕ್ಕೆ ಎಡೆಯಿಲ್ಲವಾಯಿತು. ಹೆಂಗಸರು ಉದ್ಯೋಗಕ್ಕೆ ಸೇರಿ, ಒಂಟಿಯಾಗಿ ಬಾಳಿ, ರಾತ್ರಿಯಲ್ಲಿ ತಾವೇ ಕಾರು ನಡೆಸಿಕೊಂಡು ಹೋಗುವುದು ಹೆಚ್ಚಿದುದೂ ನಿಜವೇ. ಅಮೆರಿಕದ ಚಾಲನಾ ಪರವಾನಗಿದಾರರಲ್ಲಿ ಈಗ ಹೆಂಗಸರೇ ಒಂದು ಕೂದಲೆಳೆಯಷ್ಟು ಹೆಚ್ಚು. ಆದುದರಿಂದ ಏರಿಕೆ ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ಏರಿಕೆಗೆ ಕೊಟ್ಟ ಅರ್ಥ ಸುಳ್ಳು. ನಾಲ್ವರಲ್ಲಿ ಒಬ್ಬಳು ಹೆಂಗಸೆಂಬುದು ಸುದ್ದಿಯಾಯಿತು, ಉಳಿದ ಮೂವರು ಗಂಡಸರೆಂಬುದು ಸುದ್ದಿಯಾಗಲಿಲ್ಲ. ಗಂಡಸಿನ ಪಾನಮತ್ತ ಚಾಲನೆಯು ಮಳೆಗಾಲದ ಕೆಸರಿನಷ್ಟು ಸಹಜವೆಂದು ಬಗೆದಿರುವ ಸಮಾಜಕ್ಕೆ ಅದನ್ನು ಪ್ರಶ್ನಿಸಬೇಕೆಂದೇ ತೋಚುವುದಿಲ್ಲವೇನೋ.

ಚಾಲಕಿಯಾಗಿ ಅಷ್ಟಾಗಿ ಕಾಣದ ಹೆಣ್ಣು ಈ ಕಥೆಯಲ್ಲಿ ಬೇರೆ ಸ್ಥಾನಗಳಲ್ಲಿ ಎದ್ದುಕಾಣುತ್ತಾಳೆ. ಗಂಡನ ಪಕ್ಕದ ಆಸನದಲ್ಲಿ ಕುಳಿತವಳು ಅವಳು. ಔತಣಕೂಟದಿಂದ ಹಿಂದಿರುಗುವಾಗ ಚಕ್ರವನ್ನು ಹಿಡಿಯುವವನು ಯಾರೆಂಬುದು ಬಹುಪಾಲು ದಾಂಪತ್ಯಗಳಲ್ಲಿ ಚರ್ಚೆಯಿಲ್ಲದೆ ತೀರ್ಮಾನವಾಗಿರುವ ಸಂಗತಿ. ಅವನು ಕುಡಿದಿದ್ದಾನೆಂದು ತಿಳಿದೂ ಸುಮ್ಮನೆ ಕುಳಿತುಕೊಳ್ಳುವವಳ ಸಂಕಟವು ಯಾವ ಬಂಧನಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ಗುಂಪಿನಲ್ಲೊಬ್ಬರು ಕುಡಿಯದೆ ಉಳಿದು ಮಿಕ್ಕವರನ್ನು ಮನೆಗೆ ಸೇರಿಸಬೇಕೆಂಬ, ಸ್ಕ್ಯಾಂಡಿನೇವಿಯ ದೇಶಗಳ ರೂಢಿಯನ್ನು 1988ರಲ್ಲಿ ಹಾರ್ವರ್ಡಿನ ಜೇ ವಿನ್‌ಸ್ಟನ್ ಅವರು ದೂರದರ್ಶನದ ಧಾರಾವಾಹಿಗಳ ಸಂಭಾಷಣೆಗಳೊಳಕ್ಕೇ ಸೇರಿಸಿ ಅಮೆರಿಕದಲ್ಲಿ ಪ್ರಚಾರಕ್ಕೆ ತಂದರು. ಒಳ್ಳೆಯ ಉಪಾಯವೇ ಸರಿ. ಆದರೆ ಮನೆಯೊಳಗೆ ಈ ಹೊಣೆ ಸರದಿಯ ಮೇಲೆ ಬಾರದೆ ಹೆಂಡತಿಯ ಪಾಲಿಗೇ ಕಾಯಮ್ಮಾಗಿ ನಿಂತರೆ, ಗಂಡನಿಗೆ ಅದು ನಿಶ್ಚಿಂತೆಯಿಂದ ಕುಡಿಯಲು ದೊರೆತ ಇನ್ನೊಂದು ಅನುಮತಿಯಾಗುವುದೂ ಉಂಟು.

ಕಾನೂನನ್ನು ಮಾಡಿಸಿದವರಲ್ಲಿಯೂ ಸ್ತ್ರೀಯರೇ ಮುಂದು. ಬ್ರಿಟನ್ನಿನಲ್ಲಿ 80 ಮಿಲಿಗ್ರಾಮಿನ ಮಿತಿಯನ್ನೂ ರಸ್ತೆಬದಿಯ ಶ್ವಾಸಪರೀಕ್ಷೆಯನ್ನೂ 1967ರಲ್ಲಿ ಜಾರಿಗೆ ತಂದವರು ಸಾರಿಗೆ ಸಚಿವೆಯಾಗಿದ್ದ ಬಾರ್ಬರಾ ಕ್ಯಾಸಲ್. ಆಕೆಗೆ ಕಾರು ನಡೆಸಲು ಬಾರದೆಂಬುದನ್ನು ಎತ್ತಿ ಆಡಿದವರಿಗೆ ಲೆಕ್ಕವಿಲ್ಲ. ಮೊದಲ ವರ್ಷದಲ್ಲಿ ರಸ್ತೆಯ ಸಾವುಗಳು ಸಾವಿರಕ್ಕೂ ಮಿಗಿಲಾಗಿ ಇಳಿದುವು. ಅಮೆರಿಕದಲ್ಲಿ ಕ್ಯಾಲಿಫೋರ್ನಿಯದ ಕ್ಯಾಂಡಿ ಲೈಟ್ನರ್ ಅವರ ಹದಿಮೂರು ವರ್ಷದ ಮಗಳು 1980ರ ಮೇ 3ರಂದು, ಹಿಂದೆಯೂ ಇದೇ ಅಪರಾಧಕ್ಕಾಗಿ ಸಿಕ್ಕಿಬಿದ್ದಿದ್ದ ಪಾನಮತ್ತನೊಬ್ಬನ ಕಾರಿಗೆ ಸಿಕ್ಕಿ ಸತ್ತಳು. ಅದೇ ವರ್ಷ ಆ ತಾಯಿ ಸ್ಥಾಪಿಸಿದ, ಪಾನಮತ್ತ ಚಾಲಕರ ವಿರುದ್ಧ ತಾಯಂದಿರು ಎಂಬ ಸಂಘವು ದೇಶದ ಉದ್ದಗಲಕ್ಕೆ ಹಬ್ಬಿತು. ಮದ್ಯವನ್ನು ಕೊಳ್ಳುವ ಕನಿಷ್ಠ ವಯಸ್ಸನ್ನು 21ಕ್ಕೆ ಏರಿಸಲು ಸಂಸ್ಥಾನಗಳನ್ನು ಒತ್ತಾಯಿಸುವ ಶಾಸನಕ್ಕೆ 1984ರ ಜುಲೈಯಲ್ಲಿ ಅಧ್ಯಕ್ಷ ರೇಗನ್ ಅವರು ಸಹಿ ಹಾಕಿದ್ದು ಬಹುಮಟ್ಟಿಗೆ ಈ ತಾಯಂದಿರ ಒತ್ತಡದಿಂದ. 1982ರಲ್ಲಿ ಪಾನಮತ್ತ ಚಾಲಕರಿದ್ದ ಅಪಘಾತಗಳಲ್ಲಿ ಅಮೆರಿಕದಲ್ಲಿ 21,113 ಜನ ಸತ್ತಿದ್ದರು. 2022ರಲ್ಲಿ, ಸಂಚಾರ ಸುಮಾರು ಎರಡು ಪಟ್ಟು ಬೆಳೆದಿದ್ದರೂ, ಸತ್ತವರು 13,524.

ಸಿಕ್ಕಿಬಿದ್ದ ಹೆಂಗಸರ ವಿಚಾರ ಇನ್ನೂ ಸ್ವಲ್ಪ ಬಾಕಿಯಿದೆ. ಕೆನಡದ ಟ್ರಾಫಿಕ್ ಇಂಜುರಿ ರಿಸರ್ಚ್ ಫೌಂಡೇಶನ್ನಿನವರು ಈಚೆಗೆ ಇಂತಹ ಹೆಂಗಸರೊಡನೆ ದೀರ್ಘವಾಗಿ ಮಾತನಾಡಿ, ಅವರಲ್ಲಿ ಕೆಲವು ಬಗೆಗಳನ್ನು ಗುರುತಿಸಿದ್ದಾರೆ: ಗೆಳೆಯರ ಗುಂಪಿನಲ್ಲಿ ಒಬ್ಬಳಾಗಬೇಕೆಂದು ಕುಡಿಯುವ ತರುಣಿ, ಎಳೆಯ ಮಕ್ಕಳ ನಡುವೆ ಒಂಟಿತನ ಹತ್ತಿ ಕುಡಿಯತೊಡಗಿದ ಗೃಹಿಣಿ, ವಿವಾಹವಿಚ್ಛೇದನವೋ ಮಕ್ಕಳು ಮನೆಬಿಟ್ಟು ಹೋದುದೋ ತಂದ ಶೂನ್ಯವನ್ನು ತುಂಬಿಕೊಳ್ಳಲು ಕುಡಿಯುವ ನಡುವಯಸ್ಸಿನವಳು. ಖಿನ್ನತೆ, ಆತಂಕ, ಹಿಂದೆ ಅನುಭವಿಸಿದ ಹಿಂಸೆ ಇವು ಶಿಕ್ಷೆಗೊಳಗಾದ ಪುರುಷರಿಗಿಂತ ಶಿಕ್ಷೆಗೊಳಗಾದ ಸ್ತ್ರೀಯರಲ್ಲಿ ಹೆಚ್ಚಾಗಿ ಕಂಡುಬರುವುವೆಂದು ಬೇರೆ ಅಧ್ಯಯನಗಳೂ ಹೇಳುತ್ತವೆ. ನ್ಯಾಯಾಲಯವು ಅವರನ್ನು ಕಳುಹಿಸುವ ಸುಧಾರಣಾ ತರಗತಿಗಳಾದರೋ ಹತ್ತರಲ್ಲಿ ಒಂಬತ್ತು ಜನ ಗಂಡಸರಿದ್ದ ಕಾಲದಲ್ಲಿ, ಗಂಡಸಿನ ಉದ್ಧಟತನವನ್ನು ಮುರಿಯುವುದಕ್ಕೆಂದು ರೂಪುಗೊಂಡವು. ಉದ್ಧಟತನವೇ ಇಲ್ಲದವಳಿಗೆ ಅಲ್ಲಿ ದೊರೆಯುವುದು ಅವಮಾನ ಮಾತ್ರ.

ಭಾರತಕ್ಕೆ ಬಂದರೆ ಚಿತ್ರದ ಅಳತೆಗಳೇ ಬೇರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಹದಿನೈದು ವರ್ಷ ದಾಟಿದ ಗಂಡಸರಲ್ಲಿ ಮದ್ಯ ಸೇವಿಸುವವರು ನೂರಕ್ಕೆ ಸುಮಾರು 19, ಹೆಂಗಸರಲ್ಲಿ 1.3, ಕರ್ನಾಟಕದಲ್ಲಿ ಸ್ತ್ರೀಯರ ಪ್ರಮಾಣ ನೂರಕ್ಕೆ ಒಂದನ್ನೂ ಮುಟ್ಟುವುದಿಲ್ಲ. ಅರುಣಾಚಲದಲ್ಲಿ ನಾಲ್ವರು ಹೆಂಗಸರಲ್ಲಿ ಒಬ್ಬರು ಕುಡಿಯುವರೆಂಬುದನ್ನು ನೆನೆದರೆ, ಈ ಭೇದವನ್ನು ಮಾಡಿದ್ದು ಪ್ರಕೃತಿಯಲ್ಲ, ಊರಿನ ರೂಢಿಯೆಂಬುದು ಸ್ಪಷ್ಟ. ವಾಹನ ನಡೆಸುವವರಲ್ಲಿಯೂ ಹೆಂಗಸರು ಅಲ್ಪಸಂಖ್ಯಾತರಾದುದರಿಂದ, ನಮ್ಮಲ್ಲಿ ಪಾನಮತ್ತ ಚಾಲಕನೆಂದರೆ ಗಂಡಸೆಂದೇ ಅರ್ಥ. ಅವನು ಬಹುಮಟ್ಟಿಗೆ ದ್ವಿಚಕ್ರ ವಾಹನದ ಮೇಲಿರುತ್ತಾನೆ, ಹಿಂಬದಿಯಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಹೆಂಡತಿ ಕುಳಿತಿರುತ್ತಾಳೆ. ರಸ್ತೆಯಲ್ಲಿ ಸಾಯುವ ನೂರು ಜನರಲ್ಲಿ ಎಂಬತ್ತೈದಕ್ಕೂ ಹೆಚ್ಚು ಮಂದಿ ಗಂಡಸರು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಮದ್ಯ ಮತ್ತು ಮಾದಕದ್ರವ್ಯಗಳ ಲೆಕ್ಕಕ್ಕೆ ಸರ್ಕಾರದ ವರದಿಯು ಸೇರಿಸಿದ್ದು ನೂರಕ್ಕೆ ಎರಡೂವರೆಯ ಪಾಲು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾ. ಗುರುರಾಜ್ ಮತ್ತು ಅವರ ಸಹೋದ್ಯೋಗಿಗಳು ಆಸ್ಪತ್ರೆಗೆ ಬಂದ ಗಾಯಾಳುಗಳನ್ನು ದಶಕಗಳಿಂದ ಪರಿಶೀಲಿಸಿ ಹೇಳುತ್ತ ಬಂದಿರುವ ಪ್ರಮಾಣವು ಇದರ ಹಲವು ಪಟ್ಟು. ಪೊಲೀಸರ ಪ್ರಪತ್ರದಲ್ಲಿ ಅತಿವೇಗವೆಂಬ ಒಂದೇ ಕಾರಣವನ್ನು ಬರೆದರೆ ಸಾಕಾಗುವಾಗ, ಆ ವೇಗದ ಹಿಂದಿದ್ದ ಶೀಷೆಯನ್ನು ಯಾರು ಹುಡುಕಿಕೊಂಡು ಹೋಗುತ್ತಾರೆ?

ಗಂಡಸಿನ ಕುಡಿತದ ವಿರುದ್ಧ ದನಿಯೆತ್ತಿದವರು ಇಲ್ಲಿಯೂ ಹೆಂಗಸರೇ. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಹತ್ತಿಕೊಂಡ ಸಾರಾಯಿ ವಿರೋಧಿ ಚಳವಳಿ ಸರ್ಕಾರವನ್ನೇ ಅಲ್ಲಾಡಿಸಿತು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. 2019ರ ಜನವರಿಯಲ್ಲಿ ಮದ್ಯನಿಷೇಧವನ್ನು ಕೋರಿ ಎರಡು ಸಾವಿರಕ್ಕೂ ಹೆಚ್ಚು ಗ್ರಾಮೀಣ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಬಂದರು. ಇವರ ಅಹವಾಲು ಮನೆಯದು, ರಸ್ತೆಯದಲ್ಲ; ಎರಡಕ್ಕೂ ನಡುವೆ ಇರುವುದಾದರೋ ಸಾರಾಯಿ ಅಂಗಡಿಯಿಂದ ಮನೆಯವರೆಗಿನ ದಾರಿ.

ನಮ್ಮ ಕಾನೂನಿನ ಮಿತಿಯು ಪಾಶ್ಚಾತ್ಯರ ಬಹುತೇಕ ಮಿತಿಗಳಿಗಿಂತ ಬಿಗಿಯಾದುದು. 1988ರ ಮೋಟಾರು ವಾಹನ ಅಧಿನಿಯಮದ 185ನೆಯ ಪ್ರಕರಣದಂತೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ. 2019ರ ತಿದ್ದುಪಡಿಯ ಮೇಲೆ ಮೊದಲ ತಪ್ಪಿಗೆ 10,000 ರೂಪಾಯಿಗಳ ದಂಡವನ್ನೋ ಆರು ತಿಂಗಳವರೆಗಿನ ಸೆರೆಮನೆವಾಸವನ್ನೋ ಇಲ್ಲವೆ ಎರಡನ್ನೂ ವಿಧಿಸಬಹುದು. ವಿಡ್‌ಮಾರ್ಕನ ಲೆಕ್ಕದ ಆ ಗಂಡಸೂ ಹೆಂಗಸೂ ಬೆಂಗಳೂರಿನಲ್ಲಿ ಆಲ್ಕೊಮೀಟರಿಗೆ ಊದಿದ್ದರೆ ಇಬ್ಬರೂ ಸಮನಾಗಿ ಅಪರಾಧಿಗಳಾಗುತ್ತಿದ್ದರು. ಆದರೆ ಊದಿಸುವ ತಪಾಸಣೆ ನಡೆಯುವುದು ಹೆಚ್ಚಾಗಿ ರಾತ್ರಿಯಲ್ಲಿ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಸ್ತ್ರೀಯನ್ನು ಅಸಾಧಾರಣ ಸಂದರ್ಭದಲ್ಲಿ ಹೊರತು ಬಂಧಿಸಕೂಡದೆಂದೂ, ಆಗಲೂ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದು ಬಂಧಿಸಬೇಕೆಂದೂ ದಂಡಪ್ರಕ್ರಿಯಾ ಸಂಹಿತೆಗೆ 2005ರಲ್ಲಿ ಸೇರಿ, 2024ರಲ್ಲಿ ಅದರ ಸ್ಥಾನಕ್ಕೆ ಬಂದ ಸಂಹಿತೆಯಲ್ಲಿಯೂ ಉಳಿದುಕೊಂಡ ನಿಯಮವು ಹೇಳುತ್ತದೆ. ಠಾಣೆಯಲ್ಲಿ ಹೆಂಗಸರ ಮಾನರಕ್ಷಣೆಗೆಂದು ಮಾಡಿದ ಈ ಸದುದ್ದೇಶದ ಕಟ್ಟಳೆಯು, ನಾಕಾಬಂದಿಯ ಮುಂದೆ ಕಾರು ನಿಲ್ಲಿಸಿದ ಪೇದೆಯನ್ನು ಎಷ್ಟು ಹಿಂಜರಿಯುವಂತೆ ಮಾಡುವುದೋ ಅಷ್ಟರಮಟ್ಟಿಗೆ ನಮ್ಮ ಬಂಧನದ ಅಂಕಿಗಳೂ ಅಮೆರಿಕದವರ ಅಂಕಿಗಳ ಹಾಗೆಯೇ, ಹಿಡಿಯುವವರ ಕೈಯ ಗುರುತನ್ನು ಹೊತ್ತಿರುತ್ತವೆ. ಇಷ್ಟಾದರೂ ನಮ್ಮ ಶಾಸನಕಾರರು ಕುಡಿದು ವಾಹನ ನಡೆಸುವ ಹೆಂಗಸನ್ನು ಊಹಿಸಿಕೊಳ್ಳದೆ ಇರಲಿಲ್ಲ. 1988ರ ಅಧಿನಿಯಮದ 204ನೆಯ ಪ್ರಕರಣಕ್ಕೆ ಅವರು ಒಂದು ಉಪಬಂಧವನ್ನು ಸೇರಿಸಿ, ರಕ್ತದ ಮಾದರಿಯನ್ನು ಕೊಡಬೇಕಾದವಳು ಸ್ತ್ರೀಯಾಗಿದ್ದು ಅದನ್ನು ತೆಗೆಯುವ ವೈದ್ಯನು ಪುರುಷನಾಗಿದ್ದಲ್ಲಿ, ವೈದ್ಯೆಯಾಗಿರಲಿ ಆಗಿಲ್ಲದಿರಲಿ, ಒಬ್ಬ ಸ್ತ್ರೀಯ ಸಮಕ್ಷಮದಲ್ಲಿಯೇ ಅದನ್ನು ತೆಗೆಯತಕ್ಕದ್ದೆಂದು ವಿಧಿಸಿದ್ದಾರೆ.